ಕಾಲುಗುರು ಮಾಂಸದೊಳಗೆ ಬೆಳೆದಾಗ

ಕೈಬೆರಳಿನ ತುದಿ ಕೆಂಪಾಗಿ ಊದಿಕೊಂಡು ಕೀವು ಕಟ್ಟಿದರೆ ಅದನ್ನು ಉಗುರುಸುತ್ತು ಎನ್ನುತ್ತೇವೆ. ಕಾಲಿನ ಹೆಬ್ಬೆರಳಿನ ಪಕ್ಕ ಊದಿಕೊಂಡು ನೋವಾದರೂ ಅದನ್ನು ಅದೇ ಹೆಸರಿನಿಂದ ಕರೆದು ಅದೇ ಮದ್ದು ಮಾಡುವುದು ನಮ್ಮ ಭಾಗದ ವಾಡಿಕೆ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸುವುದು, ಸುಟ್ಟ ಈರುಳ್ಳಿ ಕಟ್ಟುವುದು, ಅರಿಶಿನ-ಸುಣ್ಣ ಮೆತ್ತುವುದು ಎಲ್ಲ ಮನೆಗಳಿಗೂ ಗೊತ್ತಿರುವ ಉಪಚಾರಗಳು. ಆದರೆ ಈ ಎರಡು ಬಾಧೆಗಳ ಮೂಲ ಬೇರೆ. ಕೈಬೆರಳಿನ ಉಗುರುಸುತ್ತಿನಲ್ಲಿ ರೋಗಾಣುಗಳು ಚರ್ಮದ ಸಣ್ಣ ಬಿರುಕಿನಿಂದ ಒಳಹೊಕ್ಕಿರುತ್ತವೆ. ಕಾಲಿನ ಹೆಬ್ಬೆರಳಿನಲ್ಲಿ ಬಹುತೇಕ ಉಗುರೇ ಮುಳ್ಳಾಗಿ ಮಾಂಸಕ್ಕೆ ನೆಟ್ಟಿರುತ್ತದೆ. ನೆಟ್ಟ ಮುಳ್ಳನ್ನು ತೆಗೆಯದೆ ಮೇಲೆ ಎಷ್ಟು ಲೇಪ ಹಚ್ಚಿದರೂ ಗಾಯ ಮಾಯುವುದಿಲ್ಲ. ಇದನ್ನು ವೈದ್ಯರು ಒಳಬೆಳೆದ ಉಗುರು ಎಂದು ಪ್ರತ್ಯೇಕವಾಗಿಯೇ ಗುರುತಿಸುತ್ತಾರೆ.

ಉಗುರಿನ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಗಟ್ಟಿ ಹಾಳೆ ನಿರ್ಜೀವವಾದದ್ದು. ಅದನ್ನು ಹುಟ್ಟಿಸುವ ಜೀವಂತ ಭಾಗ ಬೆರಳಿನ ಚರ್ಮದ ಮಡಿಕೆಯ ಕೆಳಗೆ ಅಡಗಿದೆ. ಅದನ್ನು ಉಗುರಿನ ಬೇರು ಎನ್ನೋಣ. ಈ ಬೇರು ಎಷ್ಟು ಅಗಲವಾಗಿದೆಯೋ ಉಗುರೂ ಅಷ್ಟೇ ಅಗಲವಾಗಿ ಬೆಳೆಯುತ್ತದೆ. ಉಗುರಿನ ಎರಡೂ ಪಕ್ಕಗಳಲ್ಲಿ ದಡದಂತೆ ಚರ್ಮದ ಅಂಚುಗಳಿವೆ. ಕಾಲುಗುರು ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಮುಂದೆ ಸರಿಯುತ್ತದೆ. ಕೈಯುಗುರಿನ ವೇಗದ ಅರ್ಧದಷ್ಟು. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆಯಬೇಕಾದರೆ ಒಂದರಿಂದ ಒಂದೂವರೆ ವರ್ಷ ಬೇಕು. ಆದುದರಿಂದ ಇಂದು ಉಗುರು ತೆಗೆಯುವಾಗ ಆದ ದೋಷದ ಫಲ ಕೆಲವು ವಾರಗಳ ನಂತರ, ಕಾರಣವೇ ಮರೆತುಹೋದ ಮೇಲೆ ಕಾಣಿಸಿಕೊಳ್ಳುತ್ತದೆ.

ಆ ದೋಷವಾದರೂ ಯಾವುದು? ಉಗುರಿನ ಮೂಲೆಯನ್ನು ದುಂಡಗೆ, ಆಳವಾಗಿ ಕತ್ತರಿಸುವುದು. ಹೀಗೆ ಕತ್ತರಿಸುವಾಗ ಒಳಮೂಲೆಯಲ್ಲಿ ಸಣ್ಣದೊಂದು ಚೂಪಾದ ಸಿಬಿರು ಉಳಿದುಬಿಡುತ್ತದೆ. ಮೇಲಿನ ಉಗುರು ಇಲ್ಲದ್ದರಿಂದ ಪಕ್ಕದ ಮಾಂಸ ಆ ಜಾಗವನ್ನು ತುಂಬಿಕೊಳ್ಳುತ್ತದೆ. ಉಗುರು ಮುಂದೆ ಸರಿದಂತೆ ಸಿಬಿರು ಆ ಮಾಂಸಕ್ಕೆ ನೆಡುತ್ತದೆ. ನೋವಾದಾಗ ಮತ್ತೆ ಮೂಲೆಯನ್ನು ಅಗೆದು ತೆಗೆಯುತ್ತೇವೆ. ಒಂದೆರಡು ವಾರ ಹಾಯೆನಿಸುತ್ತದೆ. ಸಿಬಿರು ಮೊದಲಿಗಿಂತ ಆಳದಲ್ಲಿ ಉಳಿದಿರುತ್ತದೆ. ಮುಂದಿನ ಸಲ ನೋವು ಇನ್ನೂ ಹೆಚ್ಚು. ಕ್ಷೌರದವರ ಬಳಿಯೋ ಅಂದವರ್ಧಕ ಮಳಿಗೆಯಲ್ಲಿಯೋ ಮೂಲೆ ಕೆತ್ತಿಸಿಕೊಂಡು ತಿಂಗಳುಗಟ್ಟಲೆ ಕಾಲ ತಳ್ಳುವವರು ವಾಸ್ತವವಾಗಿ ಈ ಸುತ್ತಿನಲ್ಲೇ ಸಿಲುಕಿರುತ್ತಾರೆ. ಬಿಗಿಯಾದ ಪಾದರಕ್ಷೆ, ಬೆವರಿನಿಂದ ಮೆತ್ತಗಾದ ಚರ್ಮ, ಹುಟ್ಟಿನಿಂದಲೇ ಕಮಾನಿನಂತೆ ಬಾಗಿದ ಉಗುರು, ಕಲ್ಲಿಗೆ ಎಡವಿದ ಪೆಟ್ಟು, ಶಿಲೀಂಧ್ರದ ಸೋಂಕಿನಿಂದ ದಪ್ಪಗಾದ ಉಗುರು, ಇವೂ ಕಾರಣಗಳೇ. ಹದಿಹರೆಯದ ಮಕ್ಕಳಲ್ಲಿ ಇದು ಹೆಚ್ಚು. ಮೊಡವೆಗೆಂದು ನುಂಗಿಸುವ ಕೆಲವು ಗುಳಿಗೆಗಳಿಂದಲೂ ಹೀಗಾಗುವುದುಂಟು. ಅಂಥ ಗುಳಿಗೆ ನಡೆಯುತ್ತಿದ್ದರೆ ವೈದ್ಯರಿಗೆ ಹೇಳಬೇಕು.

ಬೆಳಗಾವಿ ಮತ್ತು ಖಾನಾಪುರದ ಜೀವನಕ್ರಮದಲ್ಲಿ ಈ ಕಾರಣಗಳೆಲ್ಲ ಹೇರಳವಾಗಿ ದೊರೆಯುತ್ತವೆ. ಉದ್ಯಮಬಾಗದ ಎರಕದ ಮತ್ತು ಯಂತ್ರಭಾಗಗಳ ಕಾರ್ಖಾನೆಗಳಲ್ಲಿ ದುಡಿಯುವವರು ಉಕ್ಕಿನ ತುದಿಯುಳ್ಳ ಬೂಟಿನೊಳಗೆ ದಿನವಿಡೀ ಕಾಲಿಟ್ಟಿರುತ್ತಾರೆ. ಆ ಬೂಟು ಅಗತ್ಯವಾದದ್ದೇ, ಬೇಡವೆನ್ನುವಂತಿಲ್ಲ; ಆದರೆ ಅದು ಒಂದು ಅಳತೆ ಚಿಕ್ಕದಾದರೆ ಹೆಬ್ಬೆರಳಿಗೆ ಗಾಣವಾಗುತ್ತದೆ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಈ ಊರಿನಲ್ಲಿ ಸೇನೆಗೆ ಸೇರಲು ನಸುಕಿನಲ್ಲಿ ಓಟದ ಅಭ್ಯಾಸ ಮಾಡುವ ತರುಣರ ಬೆರಳುಗಳು ಪ್ರತಿ ಹೆಜ್ಜೆಗೂ ಬೂಟಿನ ಮುಂತುದಿಗೆ ಬಡಿಯುತ್ತವೆ. ಶಾಲೆಯ ಕಪ್ಪು ಬೂಟನ್ನು ಜೂನ್ ತಿಂಗಳಿನಲ್ಲಿ ಕೊಂಡರೆ ಮುಂದಿನ ಮಾರ್ಚ್‌ವರೆಗೆ ಅದೇ ನಡೆಯಬೇಕು ಎಂಬುದು ಮನೆಯ ಲೆಕ್ಕ. ಮಗುವಿನ ಪಾದ ಆ ಲೆಕ್ಕವನ್ನು ಕೇಳುವುದಿಲ್ಲ.

ಖಾನಾಪುರದ ಕಡೆಯ ಸಂಗತಿ ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾ ಭಾಗಗಳು ಸಹ್ಯಾದ್ರಿಯ ಭಾರಿ ಮಳೆಯ ಪ್ರದೇಶ. ಭತ್ತದ ನಾಟಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಲು ಕೆಸರಿನಲ್ಲಿರುತ್ತದೆ. ಬಹುಕಾಲ ನೀರಿನಲ್ಲಿ ನೆನೆದ ಚರ್ಮ ಬಿಳುಚಿ ಮೆತ್ತಗಾಗುತ್ತದೆ. ಒಣಗಿದ ಚರ್ಮವನ್ನು ಒತ್ತುವಷ್ಟೇ ಶಕ್ತಿಯಿದ್ದ ಉಗುರು ಮೆತ್ತಗಾದ ಚರ್ಮವನ್ನು ಸೀಳಬಲ್ಲದು. ಸೀಳಿದ ಬಳಿಕ ಅದೇ ಕೆಸರು, ಅದೇ ಸಗಣಿಗೊಬ್ಬರ. ಮೇಲೆ ಹೇಳಿದ ಮೆತ್ತುವ ಮದ್ದುಗಳು ಹೊಲದಲ್ಲಿ ಒಂದು ಗಳಿಗೆ ನಿಲ್ಲುವುದೂ ಇಲ್ಲ. ಇನ್ನು ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರು ನಮ್ಮ ಜಿಲ್ಲೆಯಲ್ಲಿ ಅನೇಕರು. ನೂರಾರು ಕಿಲೋಮೀಟರು ನಡೆಯುವ ಮುನ್ನ ಉಗುರುಗಳನ್ನು ತೀರ ಗಿಡ್ಡಗೆ ಕತ್ತರಿಸಿಕೊಳ್ಳುವುದು ರೂಢಿ. ಹೊರಡುವ ಹಿಂದಿನ ದಿನ ಹಾಗೆ ಮಾಡುವುದಕ್ಕಿಂತ ಹತ್ತು ದಿನ ಮೊದಲೇ ನೇರವಾಗಿ ಕತ್ತರಿಸಿ ಬಿಡುವುದು ಲೇಸು.

ನೇರವಾಗಿ ಎಂದರೆ ಹೇಗೆ? ಸ್ನಾನದ ನಂತರ ಉಗುರು ಮೆತ್ತಗಿರುವಾಗ, ಬೆರಳಿಗೆ ಅಡ್ಡಲಾಗಿ ಒಂದೇ ಗೆರೆಯಲ್ಲಿ ಕತ್ತರಿಸಬೇಕು. ಎರಡೂ ಮೂಲೆಗಳು ಚರ್ಮದ ಅಂಚಿನಿಂದ ಹೊರಗೆ ಕಣ್ಣಿಗೆ ಕಾಣುವಂತಿರಬೇಕು. ಚೂಪಾದ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಬಹುದು. ಕತ್ತರಿಯನ್ನು ಪಕ್ಕಕ್ಕೆ ಒಳತೂರಿಸಬಾರದು. ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದು ಎಂದು ಹಿರಿಯರು ಎಚ್ಚರಿಸುತ್ತಾರೆ. ಯಾವ ವಾರ ತೆಗೆದರೂ ವೈದ್ಯಕ್ಕೆ ಅಡ್ಡಿಯಿಲ್ಲ, ಮೂಲೆಯನ್ನು ಉಳಿಸಿದರೆ ಸಾಕು. ರಾತ್ರಿ ತೆಗೆಯಬಾರದೆಂಬ ಮಾತು ಮಾತ್ರ ಮಂದಬೆಳಕಿನ ಮನೆಗೆ ಇಂದಿಗೂ ಒಪ್ಪುವಂಥದ್ದು. ಬಗ್ಗಲಾರದ, ಕಣ್ಣು ಮಂಜಾದ ವೃದ್ಧರ ಉಗುರುಗಳನ್ನು ಮನೆಯ ಕಿರಿಯರು ತಾವೇ ತೆಗೆದುಕೊಡಬೇಕು.

ಪಾದರಕ್ಷೆಯ ವಿಷಯಕ್ಕೆ ಬಂದರೆ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿ ತಯಾರಾಗುವುದು ಕೊಲ್ಹಾಪುರದಲ್ಲಿ ಮಾತ್ರವಲ್ಲ. ನಮ್ಮದೇ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳೂ ಅದನ್ನು ಹೊಲಿಯುತ್ತಾರೆ. ಬೆರಳಿನ ತುದಿ ತೆರೆದಿರುವ ಆ ಚಪ್ಪಲಿ ಒಳಬೆಳೆದ ಉಗುರಿನವರಿಗೆ ಮುಚ್ಚಿದ ಬೂಟಿಗಿಂತ ಎಷ್ಟೋ ಹಿತ. ಆದರೆ ಮಧುಮೇಹದಿಂದ ಪಾದ ಮರಗಟ್ಟಿದವರಿಗೆ ಅದನ್ನು ಹೇಳಲಾಗದು. ಹೊಸ ತೊಗಲು ಕಚ್ಚಿದರೂ, ತೆರೆದ ಬೆರಳು ಕಲ್ಲಿಗೆ ತಾಗಿದರೂ ಅವರಿಗೆ ತಿಳಿಯುವುದಿಲ್ಲ. ಅವರಿಗೆ ಮುಂಭಾಗ ಅಗಲವಾದ, ಒಳಹಾಸು ಮೆತ್ತಗಿರುವ, ಹಿಂದೆ ಪಟ್ಟಿಯುಳ್ಳ ಪಾದರಕ್ಷೆಯೇ ಯೋಗ್ಯ.

ಬಾಧೆ ಆರಂಭದಲ್ಲಿದ್ದರೆ, ಎಂದರೆ ಉಗುರಿನ ಪಕ್ಕ ಕೆಂಪಾಗಿ ಒತ್ತಿದರೆ ನೋವು ಇದ್ದು ಕೀವು ಇಲ್ಲದಿದ್ದರೆ, ಶಸ್ತ್ರಕ್ರಿಯೆಯ ಅಗತ್ಯವಿಲ್ಲ. ದಿನಕ್ಕೆ ಎರಡು ಮೂರು ಬಾರಿ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಪಾದವನ್ನು ಮುಳುಗಿಸಿಟ್ಟು, ತೆಗೆದ ಮೇಲೆ ಬೆರಳುಸಂದಿಗಳನ್ನು ಒಣಗಿಸಬೇಕು. ಚರ್ಮದ ಅಂಚನ್ನು ಉಗುರಿನಿಂದ ದೂರಕ್ಕೆ ಎಳೆದು ಅಂಟುಪಟ್ಟಿ ಸುತ್ತುವ ಕ್ರಮವೂ ಉಂಟು. ಉಗುರಿನ ಮೂಲೆಯ ಕೆಳಗೆ ಸ್ವಚ್ಛವಾದ ಹತ್ತಿಯ ಎಳೆಯೊಂದನ್ನು ಸೇರಿಸಿ ಮೂಲೆಯನ್ನು ಮೇಲೆತ್ತಿ ಹಿಡಿಯುವ ವಿಧಾನವನ್ನು ಮೊದಲ ಸಲ ವೈದ್ಯರ ಅಥವಾ ದಾದಿಯರ ಕೈಯಿಂದಲೇ ಮಾಡಿಸಿಕೊಂಡು ಕಲಿಯುವುದು ಒಳಿತು. ಇನ್ನೂ ಒಂದು ಜಾಣ ಉಪಾಯವಿದೆ. ಸಲೈನ್ ಏರಿಸುವ ತೆಳು ಪ್ಲಾಸ್ಟಿಕ್ ನಳಿಕೆಯ ಸಣ್ಣ ತುಂಡನ್ನು ಉದ್ದಕ್ಕೆ ಸೀಳಿ, ಉಗುರಿನ ಅಂಚಿಗೆ ದೋಣಿಯಂತೆ ತೊಡಿಸುತ್ತಾರೆ. ಉಗುರಿಗೂ ಮಾಂಸಕ್ಕೂ ನಡುವೆ ಆ ದೋಣಿ ನಿಂತುಬಿಡುತ್ತದೆ. ಉಗುರು ಮಾಂಸವನ್ನು ದಾಟಿ ಮುಂದೆ ಬೆಳೆಯುವವರೆಗೆ ಅದು ಅಲ್ಲಿಯೇ ಇರುತ್ತದೆ. ಖರ್ಚು ಅತ್ಯಲ್ಪ, ಉಗುರಿನ ಒಂದು ಚೂರೂ ನಷ್ಟವಿಲ್ಲ. ಇದಕ್ಕೆ ವೈದ್ಯರ ಕೈಯೇ ಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಎರಡು ವಾರಗಳಲ್ಲಿ ಗುಣ ಕಾಣದಿದ್ದರೆ, ಕೀವು ಸೋರತೊಡಗಿದರೆ, ಅಥವಾ ಉಗುರಿನ ಪಕ್ಕದಲ್ಲಿ ಮುಟ್ಟಿದರೆ ರಕ್ತ ಒಸರುವ ಕೆಂಪು ದುರ್ಮಾಂಸ ಬೆಳೆದರೆ ಕಾಯುತ್ತ ಕುಳಿತುಕೊಳ್ಳಬಾರದು. ದುರ್ಮಾಂಸವನ್ನು ಸುಡಲೆಂದು ಎಕ್ಕದ ಹಾಲು ಅಥವಾ ಸುಣ್ಣ ಹಚ್ಚುವವರಿದ್ದಾರೆ. ಇವು ಒಳ್ಳೆಯ ಚರ್ಮವನ್ನೂ ಸುಟ್ಟು ಹುಣ್ಣನ್ನು ದೊಡ್ಡದು ಮಾಡುತ್ತವೆ. ಔಷಧ ಅಂಗಡಿಯಲ್ಲಿ ಕೇಳಿ ಪಡೆದ ಜೀವಿರೋಧಕ ಗುಳಿಗೆಗಳ ಕಥೆಯೂ ಅಷ್ಟೇ. ಸೋಂಕು ಬೆರಳಿನಾಚೆ ಹಬ್ಬಿದ್ದರೆ ಆ ಗುಳಿಗೆಗಳು ಬೇಕಾಗುತ್ತವೆ, ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಬೆರಳಿಗೆ ಮಾತ್ರ ಸೀಮಿತವಾದ ಬಾಧೆಯಲ್ಲಿ ನೆಟ್ಟ ಉಗುರನ್ನು ತೆಗೆದರೆ ಸೋಂಕು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ; ತೆಗೆಯದಿದ್ದರೆ ಗುಳಿಗೆ ಮುಗಿದ ವಾರದಲ್ಲೇ ಅದು ಮರಳುತ್ತದೆ.

ಆಸ್ಪತ್ರೆಯೆಂದರೆ ಉಗುರನ್ನು ಇಡಿಯಾಗಿ ಕಿತ್ತುಹಾಕುತ್ತಾರೆ ಎಂಬ ಭಯ ಜನರಲ್ಲಿ ಬೇರೂರಿದೆ. ಆ ಭಯ ಆಧಾರವಿಲ್ಲದ್ದಲ್ಲ. ಬಹುಕಾಲ ಹಾಗೆಯೇ ನಡೆಯುತ್ತಿತ್ತು, ಕೆಲವೆಡೆ ಇಂದಿಗೂ ನಡೆಯುತ್ತದೆ. ಆದರೆ ಉಗುರನ್ನು ಕಿತ್ತರೂ ಬೇರು ಹಾಗೆಯೇ ಉಳಿಯುತ್ತದೆ. ಅದೇ ಅಗಲದ ಹೊಸ ಉಗುರು ಮತ್ತೆ ಹುಟ್ಟಿ ಮತ್ತೆ ಮಾಂಸಕ್ಕೆ ನೆಡುತ್ತದೆ. ಹಾಗೆ ಇಡಿಯಾಗಿ ಮಾತ್ರ ಕೀಳಿಸಿಕೊಂಡವರಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮಂದಿಗೆ ಬಾಧೆ ಮರುಕಳಿಸುತ್ತದೆ. ಇಷ್ಟು ನೋವುಂಡು ಪಡೆಯುವ ಫಲ ಇದಾದರೆ ಜನ ಆಸ್ಪತ್ರೆಗೆ ಬೆನ್ನು ತಿರುಗಿಸುವುದರಲ್ಲಿ ಆಶ್ಚರ್ಯವೇನಿದೆ? ಈಗ ಒಪ್ಪಿತವಾಗಿರುವ ಚಿಕಿತ್ಸೆ ಇದಲ್ಲ. ಮಾಂಸಕ್ಕೆ ನೆಟ್ಟಿರುವ ಪಕ್ಕದ ಪಟ್ಟಿಯನ್ನು, ಎಂದರೆ ಉಗುರಿನ ಐದನೆಯ ಒಂದು ಅಥವಾ ನಾಲ್ಕನೆಯ ಒಂದು ಭಾಗವನ್ನು ಮಾತ್ರ ತೆಗೆದು, ಆ ಪಟ್ಟಿಯ ಬೇರನ್ನು ಮತ್ತೆ ಚಿಗುರದಂತೆ ನಾಶಮಾಡುತ್ತಾರೆ. ಉಳಿದ ಉಗುರು ತನ್ನ ಸ್ಥಾನದಲ್ಲೇ ಇರುತ್ತದೆ.

ಈ ಕ್ರಮ ಹೇಗೆ ನಡೆಯುತ್ತದೆ ಎಂಬುದನ್ನು ತುಸು ವಿವರವಾಗಿ ಹೇಳುವುದು ಉಚಿತ, ಏಕೆಂದರೆ ತಿಳಿಯದ್ದಕ್ಕೇ ಹೆದರಿಕೆ ಹೆಚ್ಚು. ರೋಗಿಯನ್ನು ಪೂರ್ತಿ ನಿದ್ರೆಗೊಳಪಡಿಸುವುದಿಲ್ಲ. ಬೆರಳಿನ ಬುಡದ ಎರಡೂ ಪಕ್ಕಗಳಲ್ಲಿ ಲಿಗ್ನೋಕೇನ್ ಎಂಬ ಮರವುಮದ್ದಿನ ಚುಚ್ಚುಮದ್ದು ಕೊಡುತ್ತಾರೆ. ನಿಜವಾಗಿ ನೋಯುವುದು ಇದೊಂದೇ, ಅದೂ ಅರ್ಧ ನಿಮಿಷ. ಐದು ಹತ್ತು ನಿಮಿಷಗಳಲ್ಲಿ ಬೆರಳು ಮರಗಟ್ಟಿದ ಮೇಲೆ, ರಕ್ತ ಹರಿಯದಂತೆ ಬೆರಳಿನ ಬುಡಕ್ಕೆ ರಬ್ಬರಿನ ಪಟ್ಟಿ ಬಿಗಿಯುತ್ತಾರೆ. ಬಳಿಕ ಉಗುರಿನ ಪಕ್ಕದ ಪಟ್ಟಿಯನ್ನು ತುದಿಯಿಂದ ಬೇರಿನವರೆಗೆ ಉದ್ದಕ್ಕೆ ಸೀಳಿ, ಇಕ್ಕಳದಿಂದ ತಿರುವಿ ಹೊರತೆಗೆಯುತ್ತಾರೆ. ಆಗ ತೆರೆದ ಬೇರಿನ ಜಾಗಕ್ಕೆ ನೂರಕ್ಕೆ ೮೦ರಿಂದ ೯೦ ಭಾಗ ಸಾಂದ್ರತೆಯ ಫೀನಾಲ್ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ಅದ್ದಿ ಒಟ್ಟು ಒಂದರಿಂದ ಮೂರು ನಿಮಿಷ ಉಜ್ಜಿ, ನಂತರ ತೊಳೆಯುತ್ತಾರೆ. ಹೊಲಿಗೆ ಬೇಕಿಲ್ಲ. ಪಟ್ಟಿ ಬಿಚ್ಚಿ, ರಕ್ತಸಂಚಾರ ಮರಳಿದ್ದನ್ನು ನೋಡಿ, ಕಟ್ಟು ಕಟ್ಟಿದರೆ ಮುಗಿಯಿತು. ಇಷ್ಟೆಲ್ಲಕ್ಕೂ ಅರ್ಧ ಗಂಟೆ ಸಾಕು. ಅದೇ ದಿನ ಮನೆಗೆ ಹೋಗಬಹುದು.

ಫೀನಾಲ್ ಎಂಬುದು ಕಾರ್ಬಾಲಿಕ್ ಆಮ್ಲದ ಇನ್ನೊಂದು ಹೆಸರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯ ೧೮೬೫ರಲ್ಲಿ ಗಾಯಗಳು ಕೊಳೆಯದಂತೆ ತಡೆಯಲು ಬಳಸಿದ್ದು ಇದನ್ನೇ. ಉಗುರಿನ ಬೇರಿಗೆ ಇದನ್ನು ಬಳಸುವ ವಿಧಾನ ೧೯೪೫ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದು ಬೇರನ್ನು ಸುಡುವುದರೊಂದಿಗೆ ರೋಗಾಣುಗಳನ್ನು ಕೊಲ್ಲುತ್ತದೆ, ನರದ ತುದಿಗಳನ್ನೂ ಮರಗಟ್ಟಿಸುತ್ತದೆ. ಆದ್ದರಿಂದ ಆಮೇಲಿನ ನೋವು ನಿರೀಕ್ಷೆಗಿಂತ ಕಡಿಮೆ. ಬಾಧೆ ಮರುಕಳಿಸುವುದು ಸಾಮಾನ್ಯವಾಗಿ ನೂರರಲ್ಲಿ ಹತ್ತಕ್ಕಿಂತ ಕಡಿಮೆ ಮಂದಿಗೆ. ನೆಲ ಒರೆಸುವ ಫಿನಾಯಿಲ್‌ಗೂ ಇದಕ್ಕೂ ಹೆಸರಿನ ಹೋಲಿಕೆಯಿದೆ ಎಂದು ಯಾರೂ ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು, ಚರ್ಮ ಸುಟ್ಟುಹೋಗುತ್ತದೆ. ಗರ್ಭಿಣಿಯರಿಗೆ ಫೀನಾಲ್ ಬಳಸುವುದಿಲ್ಲವಾದುದರಿಂದ ಗರ್ಭದ ಸಂಗತಿಯನ್ನು ಮೊದಲೇ ತಿಳಿಸಬೇಕು. ಬೇರನ್ನು ಚಾಕುವಿನಿಂದ ಕೆತ್ತಿ ಹೊಲಿಗೆ ಹಾಕುವ ಹಳೆಯ ಕ್ರಮವೂ ಇದೆ. ನುರಿತ ಕೈಯಲ್ಲಿ ಅದೂ ಫಲಕಾರಿಯೇ.

ಆಯುರ್ವೇದದಲ್ಲಿ ಇದಕ್ಕೆ ಮದ್ದಿಲ್ಲವೇ ಎಂದು ಭಕ್ತರು ಕೇಳುವುದು ಸಹಜ. ಸುಶ್ರುತಸಂಹಿತೆಯ ಕ್ಷುದ್ರರೋಗಗಳ ಪ್ರಕರಣದಲ್ಲಿ ಉಗುರಿನ ಬಳಿಯ ಮಾಂಸ ಕೆರಳಿ ಕೀವಾಗುವ ಬಾಧೆಗೆ ಚಿಪ್ಪ ಎಂಬ ಹೆಸರಿದೆ. ಅಲ್ಲಿಯೂ ಹೇಳಿರುವುದು ಬಿಸಿನೀರಿನ ಉಪಚಾರ ಮತ್ತು ಕೆಟ್ಟ ಭಾಗವನ್ನು ಶಸ್ತ್ರದಿಂದ ತೆಗೆಯುವುದು, ಕೇವಲ ಲೇಪವಲ್ಲ. ಕ್ಷಾರದಿಂದ ಸುಡುವ ವಿದ್ಯೆಯನ್ನೂ ಸುಶ್ರುತ ವಿಸ್ತಾರವಾಗಿ ವಿವರಿಸುತ್ತಾನೆ. ಫೀನಾಲ್ ಬದಲು ನೂರಕ್ಕೆ ೧೦ ಭಾಗದ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ್ರವವನ್ನು ಬಳಸುವ ಇಂದಿನ ವೈದ್ಯರು ಒಂದು ಅರ್ಥದಲ್ಲಿ ಅದೇ ದಾರಿಯಲ್ಲಿದ್ದಾರೆ. ಬೆಳಗಾವಿಯ ಶಹಾಪುರದಲ್ಲಿ ೧೯೩೩ರಿಂದ ನಡೆದುಬಂದಿರುವ ಶ್ರೀ ಬಿ. ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಂಥ ಕಡೆ ಶಲ್ಯತಂತ್ರವನ್ನು ಶಾಸ್ತ್ರೀಯವಾಗಿ ಕಲಿತ ವೈದ್ಯರು ಇರುತ್ತಾರೆ. ಹಳ್ಳಿಯ ಸಂತೆಯಲ್ಲಿ ಬೇರು ಮಾರುವವನನ್ನು ಅವರ ಸಾಲಿನಲ್ಲಿ ಕೂಡಿಸಬಾರದು.

ಚಿಕಿತ್ಸೆಯಾದ ಮೇಲಿನ ಆರೈಕೆಯೇ ಅರ್ಧ ಗುಣ. ಮೊದಲ ಒಂದೆರಡು ದಿನ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟು ವಿಶ್ರಾಂತಿ ಪಡೆಯಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕಾಗುತ್ತದೆ. ಕಟ್ಟು ಬಿಚ್ಚಲು ವೈದ್ಯರು ಹೇಳಿದ ದಿನದಿಂದ ಪ್ರತಿದಿನ ತೊಳೆದು, ಮುಲಾಮು ಹಚ್ಚಿ, ಹೊಸ ಬಟ್ಟೆ ಕಟ್ಟಬೇಕು. ಫೀನಾಲ್ ಬಳಸಿದ ಜಾಗದಿಂದ ಎರಡರಿಂದ ಆರು ವಾರಗಳವರೆಗೆ ತೆಳುವಾದ ನೀರು ಜಿನುಗುತ್ತದೆ. ಇದು ಸುಟ್ಟಗಾಯ ಮಾಯುವ ಸಹಜ ಕ್ರಮ, ಕೀವೆಂದು ಗಾಬರಿಪಡಬೇಕಿಲ್ಲ. ಆದರೆ ನೋವು ದಿನದಿನಕ್ಕೆ ಏರಿದರೆ, ಕೆಂಪು ಪಾದದ ಮೇಲ್ಭಾಗಕ್ಕೆ ಹಬ್ಬಿದರೆ, ಜ್ವರ ಬಂದರೆ ಕೂಡಲೇ ತೋರಿಸಬೇಕು. ಉಗುರು ಮುಂದೆ ಸದಾಕಾಲ ಸ್ವಲ್ಪ ಕಿರಿದಾಗಿಯೇ ಇರುತ್ತದೆ. ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಂದಿರು ಇದನ್ನೇ ಮೊದಲು ಕೇಳುತ್ತಾರೆ. ಕಾಲುಂಗುರದ ಬೆರಳು ಬೇರೆ, ಈ ಬೆರಳು ಬೇರೆ ಎಂಬ ಸಮಾಧಾನ ಸಾಕು.

ಇಷ್ಟು ಹೊತ್ತು ಹೇಳಿದ್ದು ಆರೋಗ್ಯವಂತರ ವಿಷಯ. ಮಧುಮೇಹಿಗಳ ಪಾಲಿಗೆ ಒಳಬೆಳೆದ ಉಗುರು ಕ್ಷುದ್ರರೋಗವಲ್ಲ. ಬಹುಕಾಲದ ಮಧುಮೇಹ ಪಾದದ ನರಗಳನ್ನು ಮಂದಗೊಳಿಸುತ್ತದೆ, ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ನೋವು ತಿಳಿಯದ್ದರಿಂದ ಕೀವಾದದ್ದು ಕಾಲುಚೀಲಕ್ಕೆ ಕಲೆ ಅಂಟಿದ ಮೇಲೆಯೇ ಗಮನಕ್ಕೆ ಬರುತ್ತದೆ. ರಕ್ತ ಸಾಲದ್ದರಿಂದ ಗಾಯ ಮಾಯುವುದಿಲ್ಲ. ಸೋಂಕು ಎಲುಬಿಗೆ ಇಳಿದರೆ, ಬೆರಳು ಕಪ್ಪಾದರೆ, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿ ಬರುತ್ತದೆ. ಹೊಲದಲ್ಲಿ ದುಡಿದು ಉಣ್ಣುವ ಮನೆಯಲ್ಲಿ ಯಜಮಾನನ ಪಾದ ಹೋದರೆ ಆ ಮನೆಯ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಮಧುಮೇಹಿಗಳು ಪ್ರತಿರಾತ್ರಿ ಪಾದಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಉಗುರಿನ ಪಕ್ಕ ಕೆಂಪು ಕಂಡ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಮೇಲೆ ಹೇಳಿದ ಎರಡು ವಾರಗಳ ಕಾಯುವಿಕೆ ಅವರಿಗೆ ಸಲ್ಲದು. ಬಿಸಿನೀರಿನ ಉಪಚಾರವನ್ನೂ ಅವರು ತಾವಾಗಿ ಮಾಡಿಕೊಳ್ಳಬಾರದು, ಮರಗಟ್ಟಿದ ಪಾದ ಬೆಂದರೂ ಗೊತ್ತಾಗುವುದಿಲ್ಲ. ವೈದ್ಯರು ಪಾದದ ನಾಡಿ, ಸ್ಪರ್ಶಜ್ಞಾನ, ರಕ್ತದ ಸಕ್ಕರೆಗಳನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಎಕ್ಸ್-ರೇ ತೆಗೆಸಿ ಮುಂದುವರಿಯುತ್ತಾರೆ. ರಕ್ತಸಂಚಾರ ಚೆನ್ನಾಗಿದ್ದರೆ ಮಧುಮೇಹಿಗಳಿಗೂ ಈ ಚಿಕಿತ್ಸೆ ಮಾಡಬಹುದು. ಸಂಚಾರ ಕುಗ್ಗಿದ್ದರೆ ಮೊದಲು ಅದರ ಪರಿಹಾರ ನಡೆಯಬೇಕು. ಉಗುರಿನ ಕೆಳಗೆ ಹೊಸದಾಗಿ ಕಪ್ಪುಗೆರೆ ಮೂಡಿದ್ದರೆ, ಅಥವಾ ದುರ್ಮಾಂಸ ಎಷ್ಟೇ ಚಿಕಿತ್ಸೆಗೂ ಮಾಯದಿದ್ದರೆ ಅರ್ಬುದವೇನೋ ಎಂದು ಪರೀಕ್ಷಿಸುವುದುಂಟು. ಅದು ವಿರಳ, ಆದರೂ ಮುಚ್ಚಿಡಬಾರದು.

ಪಾದಕ್ಕೇ ಮೀಸಲಾದ ವೈದ್ಯರು ಪಾಶ್ಚಾತ್ಯ ದೇಶಗಳಲ್ಲಿ ಬೇರೆಯಾಗಿಯೇ ಇದ್ದಾರೆ. ನಮ್ಮಲ್ಲಿ ಅಂಥವರು ಅಪರೂಪ. ಈ ಚಿಕಿತ್ಸೆಗೆ ಸಾಮಾನ್ಯ ಶಸ್ತ್ರಚಿಕಿತ್ಸೆಯ ಅಥವಾ ಚರ್ಮರೋಗದ ವಿಭಾಗಕ್ಕೆ ಹೋಗಬೇಕು. ಬೆಳಗಾವಿಯಲ್ಲಿ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿಯೂ, ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿಯೂ ಈ ಎರಡೂ ವಿಭಾಗಗಳಿವೆ. ಖಾನಾಪುರದವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಚೀಟಿ ಪಡೆದು ಬರುವುದು ಅನುಕೂಲ. ಖಾನಾಪುರದಿಂದ ಬೆಳಗಾವಿಗೆ ಸುಮಾರು ೨೫ ಕಿಲೋಮೀಟರು, ಬಸ್ಸೂ ಇದೆ, ರೈಲೂ ಇದೆ. ಉಗುರನ್ನು ಇಡಿಯಾಗಿ ತೆಗೆಯುತ್ತೀರೋ, ಪಕ್ಕದ ಪಟ್ಟಿಯನ್ನು ಮಾತ್ರವೋ, ಬೇರಿಗೆ ಏನು ಮಾಡುತ್ತೀರಿ ಎಂದು ವೈದ್ಯರನ್ನು ಕೇಳುವ ಹಕ್ಕು ರೋಗಿಗೆ ಇದೆ. ಹಾಗೆ ಕೇಳಿದರೆ ಅಗೌರವವಾಗುವುದಿಲ್ಲ.

ಕಾಲವನ್ನೂ ಯೋಚಿಸಬೇಕು. ಚಿಕಿತ್ಸೆಯ ನಂತರ ಕೆಲವು ವಾರ ಬೆರಳನ್ನು ಒಣಗಿಸಿ, ಸ್ವಚ್ಛವಾಗಿ ಇಡಬೇಕಾದ್ದರಿಂದ ನಾಟಿಯ ಹೊತ್ತಿಗೆ ಮಾಡಿಸಿಕೊಂಡರೆ ಶ್ರಮವೆಲ್ಲ ವ್ಯರ್ಥ. ಪದೇ ಪದೇ ಬಾಧೆಪಡುವ ರೈತರು ಸುಗ್ಗಿ ಮುಗಿದ ಮೇಲೆ, ಏಪ್ರಿಲ್ ಕೊನೆಯೊಳಗೆ ಮಾಡಿಸಿಕೊಂಡರೆ ಮುಂಗಾರಿನ ವೇಳೆಗೆ ಪಾದ ಸಿದ್ಧವಾಗಿರುತ್ತದೆ. ವಿದ್ಯಾರ್ಥಿಗಳಿಗೂ ಬೇಸಿಗೆ ರಜೆ ಒದಗುತ್ತದೆ. ಕೀವಾಗಿರುವವರಿಗೂ ಮಧುಮೇಹಿಗಳಿಗೂ ಈ ಲೆಕ್ಕ ಅನ್ವಯಿಸದು. ಅವರು ನಾಟಿ ನಡೆದಿದ್ದರೂ ಬಿಟ್ಟು ಹೊರಡಬೇಕು. ಹೊರಡುವಾಗ ಈಗ ನುಂಗುತ್ತಿರುವ ಗುಳಿಗೆಗಳ ಚೀಟಿಯನ್ನು ಜೊತೆಗೆ ಒಯ್ಯಬೇಕು. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಧನುರ್ವಾತದ ಚುಚ್ಚುಮದ್ದು ಕೊನೆಯ ಸಲ ಯಾವಾಗ ಆಯಿತೆಂಬುದನ್ನು ನೆನಪಿಸಿಕೊಂಡಿರಬೇಕು. ಬೆರಳು ತೆರೆದಿರುವ ಚಪ್ಪಲಿ ಮೆಟ್ಟಿಕೊಂಡು, ಮರಳುವಾಗ ಬೈಕು ನಡೆಸಲು ಇನ್ನೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು.